ಕೇಳಿದವರಿಗೆ ಹೊಸ ವ್ಯಾಕರಣ

ಹಳೆಯ ಪೈಥಾನ್ ಫೈಲು ಕೈಗೆ ಸಿಕ್ಕರೆ ನನ್ನ ಕಣ್ಣು ಮೊದಲು ಹೋಗುವುದು ಅದರ ನೆತ್ತಿಗೆ. ಒಳಗೆ ಯಾವ ಲೆಕ್ಕ ನಡೆದಿದೆ, ಯಾವ ಫಂಕ್ಷನ್ ಏನು ಮಾಡುತ್ತದೆ ಎಂಬುದೆಲ್ಲ ಆಮೇಲಿನ ಮಾತು. ಮೇಲ್ಗಡೆ ‘ಫ್ರಮ್ ಫ್ಯೂಚರ್ ಇಂಪೋರ್ಟ್ ಡಿವಿಜನ್’ ಎಂಬ ಸಾಲು ಇದೆಯೋ ಇಲ್ಲವೋ ಗೊತ್ತಾಗುವ ತನಕ ಕೆಳಗಿನ ಒಂದು ಭಾಗಾಕಾರವನ್ನೂ ನಾನು ನಂಬುವುದಿಲ್ಲ. ಫ್ಯೂಚರ್ ಎಂಬ ಪದದ ಹಿಂದೆ ಎರಡು ಅಡಿಗೆರೆ, ಮುಂದೆ ಎರಡು. ಭವಿಷ್ಯದಿಂದ ಭಾಗಾಕಾರ ತಂದುಕೊಡು ಎಂದು ಕಂಪ್ಯೂಟರಿಗೆ ಹೇಳುವ ಸಾಲು ಅದು. ಕಂಪ್ಯೂಟರ್ ಭಾಷೆಗಳಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಸಾಲುಗಳಲ್ಲಿ ಇದೂ ಒಂದು.

ಅಷ್ಟು ಅನುಮಾನ ಏಕೆಂದರೆ, ಪೈಥಾನ್ 2ರ ಕಾಲದಲ್ಲಿ ಕ್ರಿಕೆಟ್ ಸ್ಕೋರಿಗೆಂದು ಪುಟ್ಟದೊಂದು ಪ್ರೋಗ್ರಾಂ ಬರೆದಿದ್ದೆ. 50 ಓವರಿಗೆ 287 ರನ್. ರನ್ ರೇಟ್ 5.74 ಬರಬೇಕು. ಪರದೆಯ ಮೇಲೆ ಬಂದದ್ದು ಬರೀ 5. ತಪ್ಪಾಗಿದೆ ಎಂಬ ಸಂದೇಶವಿಲ್ಲ, ಎಚ್ಚರಿಕೆಯೂ ಇಲ್ಲ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರಬೇಕೆಂಬುದು ಸಿ ಭಾಷೆಯ ಕಾಲದಿಂದ ಬಂದ ರೂಢಿ. ದಶಮಾಂಶ ಬಿಂದುವಿನ ಆಚೆಗಿನದನ್ನು ಪೈಥಾನ್ ಸದ್ದಿಲ್ಲದೆ ಉದುರಿಸಿಬಿಡುತ್ತಿತ್ತು.

ಇದು ಸರಿಯಲ್ಲವೆಂದು ಭಾಷೆಯನ್ನು ಕಟ್ಟಿದ ಗೀಡೋ ವಾನ್ ರೋಸಮ್‌ಗೂ ಅನ್ನಿಸಿತ್ತು. ಆದರೆ ಒಂದು ಬೆಳಗ್ಗೆ ಎಲ್ಲರ ಪಾಲಿಗೂ / ಚಿಹ್ನೆಯ ಅರ್ಥ ಬದಲಿಸಿದರೆ, 7/2 ಎಂದರೆ 3 ಎಂದೇ ನಂಬಿ ಬರೆದ ಪ್ರೋಗ್ರಾಂಗಳೆಲ್ಲ ಅಷ್ಟೇ ಸದ್ದಿಲ್ಲದೆ ಕೆಡುತ್ತಿದ್ದವು. 2001ರ ಡಿಸೆಂಬರಿನಲ್ಲಿ ಬಂದ ಪೈಥಾನ್ 2.2 ಹುಡುಕಿದ ದಾರಿ ನನಗೆ ಇಂದಿಗೂ ಮೆಚ್ಚುಗೆ. ಪೂರ್ಣಾಂಕವೇ ಬೇಕೆನ್ನುವವರಿಗಾಗಿ // ಎಂಬ ಹೊಸ ಚಿಹ್ನೆಯನ್ನು ಯಾರೂ ಕೇಳದೆಯೇ ಎಲ್ಲರಿಗೂ ಕೊಟ್ಟಿತು. ಅದು ಹೊಚ್ಚ ಹೊಸದಾದ್ದರಿಂದ ಯಾರ ಹಳೆಯ ಪ್ರೋಗ್ರಾಮಿಗೂ ಅದರಿಂದ ಧಕ್ಕೆಯಿರಲಿಲ್ಲ. ಹಳೆಯ / ಚಿಹ್ನೆಯ ಹೊಸ ಅರ್ಥವನ್ನು ಮಾತ್ರ ಕೇಳಿದವರಿಗಷ್ಟೇ ಎಂದು ಇಟ್ಟಿತು. 2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂದಾಗ ಅದು ಎಲ್ಲರಿಗೂ ಕಡ್ಡಾಯವಾಯಿತು. ನಡುವೆ ಏಳು ವರ್ಷ ಬಿಡುವು. ನನ್ನ ಪ್ರೋಗ್ರಾಮಿನ ನೆತ್ತಿಗೆ ಆ ಸಾಲು ಏರಿಸಿದೆ. 5.74 ಬಂತು. ಪಕ್ಕದ ಫೈಲುಗಳು ತಮ್ಮ ಪಾಡಿಗೆ ತಾವು ಹಳೆಯ ಲೆಕ್ಕವನ್ನೇ ಮಾಡಿಕೊಂಡಿದ್ದವು.

ಈ ಏರ್ಪಾಟಿನ ಪ್ರಸ್ತಾವ ಬರೆದವರು ಟಿಮ್ ಪೀಟರ್ಸ್, 2001ರಲ್ಲಿ. ಆ ವರ್ಷದ ಪೈಥಾನ್ 2.1ರಲ್ಲಿ ಮೊದಲ ಸಲ ಬಳಕೆಗೆ ಬಂದದ್ದು, ಒಳಗಿನ ಫಂಕ್ಷನ್ನಿಗೆ ಹೊರಗಿನ ಫಂಕ್ಷನ್ನಿನ ಹೆಸರುಗಳು ಕಾಣಿಸುವಂತೆ ಮಾಡುವ ಸೌಲಭ್ಯಕ್ಕೆ. ಫ್ಯೂಚರ್ ಎಂಬುದು ಬರೀ ಮಂತ್ರವಲ್ಲ, ಪೈಥಾನಿನ ಜೊತೆಗೇ ಬರುವ ನಿಜವಾದ ಫೈಲು. ತೆರೆದು ನೋಡಬಹುದು. ಒಂದೊಂದು ಸೌಲಭ್ಯದ ಹೆಸರಿನ ಎದುರಿಗೂ ಎರಡು ಆವೃತ್ತಿಗಳಿಗೆ ಜಾಗ: ಯಾವಾಗಿನಿಂದ ಕೇಳಿ ಪಡೆಯಬಹುದು, ಯಾವಾಗಿನಿಂದ ಎಲ್ಲರಿಗೂ ಅನ್ವಯ. ಒಮ್ಮೆ ಏರಿದ ಹೆಸರನ್ನು ಎಂದೂ ಅಳಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಭವಿಷ್ಯವನ್ನು ಬೇಡಿದ ಹಳೆಯ ಸಾಲು, ಆ ಭವಿಷ್ಯ ಬಂದು ಎಷ್ಟೋ ವರ್ಷವಾದ ಮೇಲೂ ದೋಷವೆನಿಸುವುದಿಲ್ಲ. ಕೆಲಸವಿಲ್ಲದಿದ್ದರೂ ಅದಕ್ಕೆ ಜಾಗವಿದೆ.

ಸಾಲು ಮೇಲೆಯೇ ಏಕಿರಬೇಕು? ಅದರ ಮುಂಚೆ ಟಿಪ್ಪಣಿ, ಖಾಲಿ ಸಾಲು, ಫೈಲಿನ ವಿವರಣೆ, ಇಂಥದೇ ಇನ್ನೊಂದು ಕೋರಿಕೆ ಬಿಟ್ಟರೆ ಬೇರೇನೂ ಬರುವಂತಿಲ್ಲ. ನಡುವೆ ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ. ‘ಪ್ರಿಂಟ್’ ಪದವನ್ನೇ ತೆಗೆದುಕೊಳ್ಳಿ. ಪೈಥಾನ್ 2ರಲ್ಲಿ ಅದು ವ್ಯಾಕರಣದ ಕಾದಿಟ್ಟ ಪದ. ಮುಂದೆ ಆವರಣದಲ್ಲಿ ಎರಡು ಮಾತು ಇಟ್ಟರೆ ಆವರಣಸಮೇತ ಮುದ್ರಿಸುತ್ತಿತ್ತು. ಭವಿಷ್ಯದ ಪ್ರಿಂಟ್ ಕೇಳಿದ ಫೈಲಿನಲ್ಲಿ ಅದೇ ಪದ ಸಾಮಾನ್ಯ ಫಂಕ್ಷನ್ನಿನ ಹೆಸರಾಗುತ್ತದೆ, ಆವರಣ ಬಿಟ್ಟು ಮಾತುಗಳಷ್ಟೇ ಹೊರಬರುತ್ತವೆ. ಅಂದರೆ ಓದುವ ರೀತಿಯೇ ಬೇರೆ. ಯಾವ ರೀತಿಯಲ್ಲಿ ಓದಬೇಕೆಂಬುದು ಓದಲು ಕೂರುವ ಮೊದಲೇ ತಿಳಿದಿರಬೇಕು. ಯಂತ್ರಕ್ಕೆ ಈ ಮಾತು ಎಷ್ಟು ನಿಜವೋ, ಆರು ತಿಂಗಳ ನಂತರ ಅದೇ ಫೈಲು ತೆರೆಯುವ ಮನುಷ್ಯನಿಗೂ ಅಷ್ಟೇ ನಿಜ.

ಪರ್ಲ್ ಭಾಷೆಯದು ಇನ್ನೂ ನಯವಾದ ಕೈ. 2007ರ ಡಿಸೆಂಬರಿನಲ್ಲಿ ಬಂದ ಪರ್ಲ್ 5.10 ‘ಸೇ’ ಎಂಬ ಪದ ತಂದಿತು. ಕೊಟ್ಟದ್ದನ್ನು ಮುದ್ರಿಸಿ ತಾನೇ ಮುಂದಿನ ಸಾಲಿಗೆ ಹೋಗುತ್ತದೆ, ಅಷ್ಟೇ ಅದರ ಕೆಲಸ. ಆದರೆ ಅಷ್ಟರಲ್ಲಾಗಲೇ ಯಾರೋ ತಮ್ಮ ಫಂಕ್ಷನ್ನಿಗೆ ‘ಸೇ’ ಎಂದು ಹೆಸರಿಟ್ಟು ನೆಮ್ಮದಿಯಾಗಿದ್ದರೆ? ಅದಕ್ಕೇ ‘ಯೂಸ್ ಫೀಚರ್ ಸೇ’ ಎಂದು ಬರೆದವರಿಗೆ ಮಾತ್ರ ಅದು ಸಿಗುತ್ತದೆ. ಇಲ್ಲಿ ಗಡಿ ಫೈಲಿನದೂ ಅಲ್ಲ. ಒಂದು ಜೋಡಿ ಪುಷ್ಪಾವರಣದ ಒಳಗೆ ಆ ಸಾಲು ಬರೆದರೆ ಆವರಣ ಮುಚ್ಚಿದೊಡನೆ ಸೌಲಭ್ಯವೂ ಮುಗಿಯಿತು. ನೂರಾರು ಸಾಲಿನ ಹಳೆಯ ಪ್ರೋಗ್ರಾಮಿನ ನಡುವೆ ಒಂದೇ ಒಂದು ಫಂಕ್ಷನ್ನನ್ನು ಹೊಸ ಮಾತಿನಲ್ಲಿ ಬರೆದು ಉಳಿದದ್ದನ್ನು ಮುಟ್ಟದೆ ಬಿಡಬಹುದು. ರಿಪೇರಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಟರ್ಮಿನಲ್ಲಿನಲ್ಲಿ ನಿಂತ ನಿಲುವಿಗೆ ಒಂದು ಸಾಲು ಓಡಿಸುವಾಗಲೂ ಅದೇ ವಿವೇಕ: ಚಿಕ್ಕ ‘ಇ’ ಕೊಟ್ಟರೆ ಹಳೆಯ ಪರ್ಲ್, ದೊಡ್ಡ ‘ಇ’ ಕೊಟ್ಟರೆ ಹೊಸ ಸೌಲಭ್ಯಗಳೆಲ್ಲ ತೆರೆದ ಪರ್ಲ್. 2022ರ 5.36ರಿಂದ ‘ಯೂಸ್’ ಎಂದು ಬರೆದು ಆವೃತ್ತಿಯ ಸಂಖ್ಯೆ ಹೇಳಿದರೆ ಸಾಕು. ‘ಸೇ’ ಬರುತ್ತದೆ, ಫಂಕ್ಷನ್ನಿನ ತಲೆಯಲ್ಲೇ ಅದರ ಒಳಹರಿವುಗಳನ್ನು ಹೆಸರಿಸುವ ಅನುಕೂಲ ಬರುತ್ತದೆ, ಕಟ್ಟುನಿಟ್ಟಿನ ನಿಯಮಗಳು ಮತ್ತು ಎಚ್ಚರಿಕೆಗಳು ತಾವಾಗಿ ಜಾರಿಯಾಗುತ್ತವೆ.

ಜಾವಾಸ್ಕ್ರಿಪ್ಟ್ 2009ರಲ್ಲಿ ‘ಯೂಸ್ ಸ್ಟ್ರಿಕ್ಟ್’ ತಂದಾಗ ಅದನ್ನು ಉದ್ಧರಣ ಚಿಹ್ನೆಯೊಳಗಿನ ಬರೀ ಮಾತಾಗಿ ಇಟ್ಟಿತು. ಅರ್ಥವಾಗದ ಹಳೆಯ ಬ್ರೌಸರ್ ಅದನ್ನು ಓದಿ ಏನೂ ಮಾಡದೆ ಮುಂದೆ ಹೋಗುತ್ತದೆ. ಜಾಣತನ ಸರಿ, ಆದರೆ ಹಲವು ಫೈಲುಗಳನ್ನು ಒಂದಕ್ಕೊಂದು ಅಂಟಿಸಿ ಕಳಿಸುವ ರೂಢಿಯಲ್ಲಿ ಮೊದಲ ಫೈಲಿನ ಆ ಸಾಲು ಉಳಿದವುಗಳ ಮೇಲೂ ಬಿದ್ದು ಪುಟಗಳು ಒಡೆದದ್ದುಂಟು. ಕೇಳದವರಿಗೂ ಹೊಸ ವ್ಯಾಕರಣ ಬಡಿಸಿದಂತಾಯಿತು.

ಕೆಲವರು ಇಂಥ ಕೋರಿಕೆಯನ್ನು ಫೈಲಿನಲ್ಲಿ ಬರೆಯದೆ, ಪ್ರೋಗ್ರಾಮನ್ನು ಕಟ್ಟುವ ಆಜ್ಞೆಯ ಬಾಲಕ್ಕೆ ಸೇರಿಸುತ್ತಾರೆ. ಜಾವಾದ ಪ್ರಿವ್ಯೂ ಸೌಲಭ್ಯಗಳು ಹಾಗೇ ಬರುತ್ತವೆ. ನನಗದು ಒಗ್ಗುವುದಿಲ್ಲ, ಫೈಲು ಒಂದು ಕಡೆ, ಅದನ್ನು ಓದುವ ಕೀಲಿ ಇನ್ನೊಂದು ಕಡೆ. ಆದರೂ ಜಾವಾದವರ ಒಂದು ನಡೆಗೆ ತಲೆಬಾಗುತ್ತೇನೆ. ಪಠ್ಯದ ನಡುವೆಯೇ ಬೆಲೆಗಳನ್ನು ಹೆಣೆಯುವ ಸ್ಟ್ರಿಂಗ್ ಟೆಂಪ್ಲೇಟ್ ಸೌಲಭ್ಯವನ್ನು 2023ರ ಜಾವಾ 21ರಲ್ಲೂ ಮುಂದಿನ 22ರಲ್ಲೂ ಪರೀಕ್ಷೆಗೆ ಬಿಟ್ಟು, ವಿನ್ಯಾಸ ಕೂಡಿಬರಲಿಲ್ಲವೆಂದು 23ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಪೈಥಾನ್ ಕೂಡ ಹೀಗೆ ಹಿಂದೆ ಸರಿದಿದೆ. ಟೈಪ್ ಟಿಪ್ಪಣಿಗಳನ್ನು ಆಗಲೇ ಲೆಕ್ಕ ಹಾಕದೆ ಪಠ್ಯವಾಗಿಯೇ ಇಟ್ಟುಕೊಳ್ಳುವ ಸೌಲಭ್ಯವನ್ನು 3.7ರಲ್ಲಿ ಕೇಳಿದವರಿಗೆ ಕೊಟ್ಟು, 3.10ರಲ್ಲಿ ಕಡ್ಡಾಯ ಮಾಡುವುದೆಂದು ನಿಶ್ಚಯಿಸಿದ್ದರು. ಆ ಟಿಪ್ಪಣಿಗಳನ್ನು ಪ್ರೋಗ್ರಾಂ ಓಡುವಾಗ ಓದಿಕೊಳ್ಳುವ ಪೈಡ್ಯಾಂಟಿಕ್‌ನಂಥ ಲೈಬ್ರರಿಗಳ ಕಡೆಯಿಂದ ತಮಗೆ ಪೆಟ್ಟು ಬೀಳುತ್ತದೆಂಬ ಮಾತು ಬಂದಾಗ, 2021ರ ಏಪ್ರಿಲಿನಲ್ಲಿ, ಬಿಡುಗಡೆಗೆ ಕೆಲವೇ ತಿಂಗಳಿರುವಾಗ, ನಿಲ್ಲಿಸಿದರು. ಕೊನೆಗೆ 3.14ರಲ್ಲಿ ಬೇರೆಯದೇ ದಾರಿ ಹಿಡಿದರು. ಮೊದಲ ದಾರಿಯನ್ನು ನೇರವಾಗಿ ಎಲ್ಲರ ಮೇಲೆ ಹೇರಿದ್ದರೆ ಹಿಂದೆ ಬರಲು ಜಾಗವೇ ಇರುತ್ತಿರಲಿಲ್ಲ.

ಇನ್ನು ಕನ್ನಡದಲ್ಲಿ ಬರೆಯುವವರಿಗೆ ತೀರ ಹತ್ತಿರದ ಸಾಲೊಂದಿದೆ: ‘ಯೂನಿಕೋಡ್ ಲಿಟರಲ್ಸ್’. ಪೈಥಾನ್ 2ರಲ್ಲಿ ಉದ್ಧರಣ ಚಿಹ್ನೆಯೊಳಗೆ ‘ಕನ್ನಡ’ ಎಂದು ಬರೆದು ಅದರ ಉದ್ದ ಕೇಳಿದರೆ 15 ಎನ್ನುತ್ತಿತ್ತು. ಅದು ಎಣಿಸುತ್ತಿದ್ದದ್ದು ಅಕ್ಷರವನ್ನಲ್ಲ, ಬೈಟನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. 2.6ರಿಂದ ಸಿಕ್ಕ ಆ ಕೋರಿಕೆಯನ್ನು ಮೇಲೆ ಬರೆದರೆ ಅದೇ ಪದದ ಉದ್ದ 5: ಕ, ನ, ವಿರಾಮದ ಚಿಹ್ನೆ, ಮತ್ತೆ ನ, ಕೊನೆಗೆ ಡ. ನಮ್ಮ ಕಣ್ಣಿಗೆ ಮೂರೇ ಅಕ್ಷರವಾದರೂ, ಮಧ್ಯೆ ಕತ್ತರಿಸಿದರೆ ಕಸವಾಗದಂಥ ಎಣಿಕೆ ಅದು.

ಈ ಸಾಲನ್ನು ಬೇಡವೆಂದವರೂ ಇದ್ದರು. ಫೈಲಿನಲ್ಲಿರುವ ಎಲ್ಲ ಪಠ್ಯದ ಸ್ವಭಾವವನ್ನೂ ಒಂದೇಟಿಗೆ ಬದಲಿಸುವುದಕ್ಕಿಂತ, ಬೇಕಾದ ಪಠ್ಯದ ಹಿಂದೆ ‘ಯು’ ಎಂಬ ಒಂದಕ್ಷರ ಹಾಕುವುದೇ ಮೇಲು ಎಂಬುದು ಅವರ ವಾದ. ಪೈಥಾನ್ 3.0 ಕಿತ್ತುಹಾಕಿದ್ದ ಆ ‘ಯು’ವನ್ನು 2012ರಲ್ಲಿ 3.3ರಲ್ಲಿ ಮರಳಿ ತಂದದ್ದು ಇಂಥವರಿಗಾಗಿಯೇ. ಎರಡೂ ಆವೃತ್ತಿಗಳಲ್ಲಿ ಓಡುವ ಲೈಬ್ರರಿ ಬರೆಯುವವರ ಕಷ್ಟ ನಿಜವಾದದ್ದು. ಆದರೆ ಕನ್ನಡದ ನಲವತ್ತು ವಾಕ್ಯಗಳಿರುವ ಫೈಲಿನಲ್ಲಿ ನಾನು ಆರಿಸಿಕೊಂಡದ್ದು ಮೇಲಿನ ಸಾಲನ್ನೇ. ಮೂವತ್ತೊಂಬತ್ತಕ್ಕೆ ‘ಯು’ ಹಾಕಿ ಒಂದಕ್ಕೆ ಮರೆತೆವೆನ್ನಿ. ಆ ಒಂದು, ಉಳಿದವುಗಳಲ್ಲಿ ಯಾವುದಾದರೊಂದರ ಜೊತೆ ಕೂಡಿದ ಗಳಿಗೆಯಲ್ಲಿ ಪ್ರೋಗ್ರಾಂ ನಿಲ್ಲುತ್ತದೆ. ಸೊನ್ನೆ ಎಕ್ಸ್ ಇ ಸೊನ್ನೆ ಎಂಬ ಬೈಟನ್ನು ಆಸ್ಕಿ ಬಿಡಿಸಲಾರದು ಎನ್ನುತ್ತದೆ ಸಂದೇಶ. ಆ ಕಾಲದಲ್ಲಿ ಕನ್ನಡ ಪಠ್ಯದ ಜೊತೆ ಪೈಥಾನಿನಲ್ಲಿ ಏಗಿದವರಿಗೆ ಆ ಸಂಖ್ಯೆಯ ಪರಿಚಯ ಇದ್ದೇ ಇರುತ್ತದೆ. ಕನ್ನಡದ ಪ್ರತಿಯೊಂದು ಅಕ್ಷರವೂ ಯುಟಿಎಫ್-8ರಲ್ಲಿ ಶುರುವಾಗುವುದು ಅದೇ ಬೈಟಿನಿಂದ.