1-0-1 ಚೀಟಿ ಹೇಳದೆ ಬಿಡುವುದು

ನಿಜಲಿಂಗಪ್ಪ ಬಡಾವಣೆಯಾಗಲಿ, ದಾವಣಗೆರೆಯ ಇನ್ಯಾವ ಬೀದಿಯಾಗಲಿ, ಮೆಡಿಕಲ್ ಶಾಪಿನಲ್ಲಿ ನಡೆಯುವುದು ಒಂದೇ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕಾಗದದ ಕವರಿಗೆ ಹಾಕುತ್ತಾರೆ, ಮೇಲೆ ಪೆನ್ನಿನಲ್ಲಿ 1-0-1 ಎಂದು ಗೀಚುತ್ತಾರೆ, ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ’ ಎನ್ನುತ್ತಾರೆ. ಓದು ಬಾರದವರಿಗೂ ತಿಳಿಯುವ ಈ ಪದ್ಧತಿ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಆಂಟಿಬಯೋಟಿಕ್ ವಿಷಯದಲ್ಲಿ ಅದು ಅರ್ಧ ಮಾತು ಮಾತ್ರ. ಎಷ್ಟು ನುಂಗಬೇಕು ಎಂಬುದು ಅಲ್ಲಿದೆ. ಯಾವುದರ ಜೊತೆ ನುಂಗಬಾರದು ಎಂಬುದು ಇಲ್ಲ.

ಮಂಡಿ ನೋವಿಗೆಂದು ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವ ಅಜ್ಜಿಗೆ ಉರಿಮೂತ್ರ ಶುರುವಾಯಿತು ಎಂದುಕೊಳ್ಳೋಣ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಬರುತ್ತದೆ, ಅದೂ 1-0-1. ಎರಡೂ ಒಂದೇ ಗುಟುಕಿನಲ್ಲಿ ಗಂಟಲಿಗಿಳಿಯುತ್ತವೆ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಆ ಔಷಧದ ಅಣುವಿಗೆ ಅಂಟಿಕೊಂಡು, ಕರುಳು ಹೀರಲಾಗದ ಜೋಡಿಯೊಂದು ಹುಟ್ಟುತ್ತದೆ. ರಕ್ತ ಸೇರಬೇಕಾದ ಔಷಧದ ಒಂದು ಪಾಲು ಮಲದಲ್ಲಿ ಹೊರಟುಹೋಗುತ್ತದೆ. ಕಬ್ಬಿಣ, ಸತು, ಮೆಗ್ನೀಸಿಯಂ, ಅಲ್ಯೂಮಿನಿಯಂ ಮಾಡುವುದೂ ಇದನ್ನೇ. ಜ್ವರ, ಉರಿ ಇಳಿಯದಿದ್ದರೆ ದೂರು ಹೋಗುವುದು ಮಾತ್ರ ಡಾಕ್ಟರ ಮೇಲೆ.

ಗ್ಯಾಸಿನ ಔಷಧದ ಗೊಂದಲ ಇನ್ನೂ ದೊಡ್ಡದು. ನಮ್ಮಲ್ಲಿ ಎರಡು ಬೇರೆ ಬೇರೆ ಔಷಧಗಳಿಗೆ ಅದೇ ಹೆಸರು. ಪ್ಯಾಂಟೊಪ್ರಜೋಲ್‌ನಿಂದ ಈ ಬಗೆಯ ಅಂಟಿಕೊಳ್ಳುವಿಕೆ ಇಲ್ಲ. ಡೈಜಿನ್, ಜೆಲುಸಿಲ್‌ಗಳಲ್ಲಿ ಇರುವುದು ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ; ಇಂಥ ಆಂಟಾಸಿಡ್ ಕುಡಿದ ಬೆನ್ನಿಗೇ ಸಿಪ್ರೊಫ್ಲಾಕ್ಸಾಸಿನ್ ನುಂಗಿದರೆ ಶೇ 80ಕ್ಕೂ ಹೆಚ್ಚು ಔಷಧ ವ್ಯರ್ಥವಾಗಬಹುದು. ‘ಗ್ಯಾಸಿಗೆ ಏನಾದ್ರೂ ಕೊಡಿ’ ಎಂದು ಕೇಳುವ ಗಿರಾಕಿಗೆ ಈ ವ್ಯತ್ಯಾಸ ಹೇಳಬೇಕಾದವರು ಅಂಗಡಿಯವರೇ.

ಕಬ್ಬಿಣದ ಮಾತ್ರೆಯ ಸಂಗತಿ ತಿಳಿದು ಅರ್ಧ ಶತಮಾನ ದಾಟಿತು. 1970ರಲ್ಲೇ ಫಿನ್ಲೆಂಡಿನ ಸಂಶೋಧಕರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇದನ್ನು ವರದಿ ಮಾಡಿದ್ದರು: ಕಬ್ಬಿಣದ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಅರ್ಧದಷ್ಟು ಇಳಿಯುತ್ತದೆ, ಡಾಕ್ಸಿಸೈಕ್ಲಿನ್ ಅದಕ್ಕಿಂತಲೂ ಹೆಚ್ಚು. ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ನಾಟಿಗೆ ಇಳಿಯುವ ಹೆಣ್ಣುಮಕ್ಕಳಿಗೆ ಇದು ದೂರದ ಮಾತಲ್ಲ. ಕೆಸರಿನಲ್ಲಿ ತಗಲುವ ಇಲಿ ಜ್ವರಕ್ಕೆ ಕೊಡುವುದು ಡಾಕ್ಸಿಸೈಕ್ಲಿನ್. ರಕ್ತಹೀನತೆಗೆ ಕೊಡುವುದು ಕಬ್ಬಿಣ. ಡಾಕ್ಸಿಸೈಕ್ಲಿನ್ ರಕ್ತ ಸೇರಿದ ಮೇಲೂ ಕರುಳಿಗೆ ಮರಳಿ ಬರುವುದರಿಂದ ಅಲ್ಲಿಯೂ ಕಬ್ಬಿಣಕ್ಕೆ ಸಿಕ್ಕಿಬೀಳುತ್ತದೆ. ಆ ಕೆಲವು ದಿನ ಕಬ್ಬಿಣ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳುವುದೇ ಸರಿ.

ಇನ್ನು ಮನೆಯ ರೂಢಿ. ‘ಇಂಗ್ಲಿಷ್ ಮಾತ್ರೆ ಉಷ್ಣ, ಹಾಲಲ್ಲಿ ತಗೋ’ ಎನ್ನುವುದು ಅಮ್ಮಂದಿರ ಕಾಳಜಿ. ಆದರೆ ಬರೀ ಹಾಲಿನೊಂದಿಗೆ ಸಿಪ್ರೊಫ್ಲಾಕ್ಸಾಸಿನ್ ನುಂಗಿದರೆ ಸುಮಾರು ಮೂರನೇ ಒಂದು ಪಾಲು ನಷ್ಟ, ಮೊಸರಿನೊಂದಿಗೂ ಅಷ್ಟೇ. ಹಾಗೆಂದು ಹಾಲನ್ನೇ ದೂರಬೇಕಿಲ್ಲ. ಅಮಾಕ್ಸಿಸಿಲಿನ್‌ಗೆ ಹಾಲಿನಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ನೈಟ್ರೊಫ್ಯುರಾಂಟೊಯಿನ್‌ ಅನ್ನು ಊಟದ ಜೊತೆ ತೆಗೆದುಕೊಂಡರೇ ಒಳ್ಳೆಯದು. ಪೂರ್ತಿ ಊಟದ ನಡುವೆ ಸ್ವಲ್ಪ ಮೊಸರಿದ್ದರೆ ಸಿಪ್ರೊಫ್ಲಾಕ್ಸಾಸಿನ್‌ಗೂ ಗಾಬರಿಯಿಲ್ಲ. ದಾವಣಗೆರೆಯ ಬೆಣ್ಣೆದೋಸೆಯಂತೂ ಪೂರ್ತಿ ನಿರಪರಾಧಿ: ಬೆಣ್ಣೆಯಲ್ಲಿರುವುದು ಬಹುಪಾಲು ಕೊಬ್ಬು, ಕ್ಯಾಲ್ಸಿಯಂ ಅತ್ಯಲ್ಪ.

ಆಂಟಿಬಯೋಟಿಕ್ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯೂ ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬೇಡಿ ಎಂದಷ್ಟೇ ಎಚ್ಚರಿಸುತ್ತದೆ. ಹಾಗಾಗಿ ಹೊಣೆ ಮತ್ತೆ ಆ ಕವರಿನ ಮೇಲಿನ ಮೂರು ಅಂಕಿಗಳ ಮೇಲೇ ಬೀಳುತ್ತದೆ. ಅದನ್ನು ಸರಿಪಡಿಸಲು ಹೊಸ ಯಂತ್ರ ಬೇಕಿಲ್ಲ, ಖರ್ಚೂ ಇಲ್ಲ. ಖನಿಜದ ಮಾತ್ರೆಗೆ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ನಂತರ ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳಬೇಕು ಎಂಬುದು ನಿಯಮ. ಆ ಅಜ್ಜಿಗೆ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಆಂಟಿಬಯೋಟಿಕ್. ಮಧ್ಯಾಹ್ನ 1ಕ್ಕೆ ಊಟದ ಜೊತೆ ಒಂದೇ ಕ್ಯಾಲ್ಸಿಯಂ. ಅಂದರೆ ಆ ಕೋರ್ಸ್ ಮುಗಿಯುವವರೆಗೆ ಕ್ಯಾಲ್ಸಿಯಂ ಕವರಿನ ಮೇಲೆ 0-1-0. ಡಾಕ್ಟರು ಬರೆಯದಿದ್ದರೆ, ಅಂಗಡಿಯವರು ಹೇಳದಿದ್ದರೆ, ಮನೆಯಲ್ಲಿ ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಯ್ದು ಅವರ ಮುಂದಿಟ್ಟು, ಯಾವುದು ಯಾವ ಹೊತ್ತಿಗೆ ಎಂದು ಕೇಳಿ ಬರೆಸಿಕೊಳ್ಳಿ.