ಸಾಲಿಯ ಹೊರಗೆ ನಿಂತ ತಾಯಿ

ಮಿನ್ ಜಿನ್ ಲೀ ಅವರ ‘ಪಚಿಂಕೊ’ (2017) ಕಾದಂಬರಿಯ ಸುಂಜಾಗೆ ಓದುಬರಹ ಬಾರದು. ಕೊರಿಯಾದಿಂದ 1933ರಲ್ಲಿ ಜಪಾನಿನ ಒಸಾಕಾಕ್ಕೆ ಬಂದ ಆಕೆ ಎಲೆಕೋಸಿನ ಕಿಮ್ಚಿ ಮಾರಿ ಇಬ್ಬರು ಗಂಡುಮಕ್ಕಳನ್ನು ಸಾಕುತ್ತಾಳೆ. ಹಿರಿಯವ ನೋವಾ ಶಾಲೆಯಲ್ಲಿ ಜಪಾನಿ ಹೆಸರಿಟ್ಟುಕೊಂಡು ಓದಿ, ವಸೇದ ವಿಶ್ವವಿದ್ಯಾಲಯ ಸೇರುತ್ತಾನೆ. ಕಿರಿಯವ ಮೊಜಾಸು ಹೊಡೆದಾಡಿಕೊಂಡು ಓದು ಬಿಟ್ಟು ಪಚಿಂಕೊ ಎಂಬ ಜೂಜಿನಂಗಡಿ ಸೇರುತ್ತಾನೆ. ಕೈತಪ್ಪಿ ಹೋಗುವವನು ಮಾತ್ರ ಓದಿದ ಮಗ. ಫೀಸು ಕಟ್ಟಿದವನೇ ತನ್ನನ್ನು ಹುಟ್ಟಿಸಿದವನು, ಅವನೊಬ್ಬ ಭೂಗತ ಲೋಕದವನು ಎಂದು ತಿಳಿದ ಮೇಲೆ ನೋವಾ ಕಾಲೇಜು ಬಿಟ್ಟು, ದೂರದ ಊರಿನಲ್ಲಿ ಜಪಾನಿಯನೆಂದೇ ಹೇಳಿಕೊಂಡು ಬದುಕುತ್ತಾನೆ. (ಈ ಗುಟ್ಟಿನ ಕಥೆ ನನಗೆ ಸ್ವಲ್ಪ ಸಿನಿಮೀಯ ಅನ್ನಿಸಿತು. ಗುಟ್ಟಿಲ್ಲದೆಯೂ ಅವನು ಹೋಗುತ್ತಿದ್ದನೇನೋ.)

ನನ್ನಂಗ ಆಗಬ್ಯಾಡ ಎಂಬುದಷ್ಟೇ ಇಂಥ ತಾಯಿಯ ಆಸೆ. ಮಗ ಅದನ್ನು ಪೂರ್ತಿ ಪಾಲಿಸಿಬಿಟ್ಟ.

ವಾಡಿ ಜಂಕ್ಷನ್‌ನಲ್ಲಿ ಮುಂಬೈ, ಪುಣೆಯ ಗಾಡಿಗೆ ಗಂಟುಮೂಟೆ ಹಿಡಿದು ಕೂತವರ ನಡುವೆ ಈ ಮಾತನ್ನು ಯಾರು ಕೇಳಿಲ್ಲ? “ನಮ್ಮ ಹಣೇಬರ ನಮಗೇ ಸಾಕ್ರಿ ಸರ, ಅವ ನಾಕ ಅಕ್ಷರ ಕಲೀಲಿ.” ಚಿಂಚೋಳಿ ಕಡೆಯ ತಾಂಡಾದ ತಾಯಿ ಮಗನನ್ನು ಅಜ್ಜಿಯ ಹತ್ತಿರ ಬಿಟ್ಟರೆ ಸಾಲಿ ಉಳಿಯುತ್ತದೆ, ತಾಯಿ ಉಳಿಯುವುದಿಲ್ಲ. ಕರೆದೊಯ್ದರೆ, ಮನೆಯಲ್ಲಿ ಗೋರ್ ಬೋಲಿ, ಊರ ಸಾಲಿಯಲ್ಲಿ ಕನ್ನಡ ಕಲಿತ ಹುಡುಗ ಅಲ್ಲಿ ಮರಾಠಿಯ ಮುಂದೆ ಮತ್ತೆ ಮೂಕನಾಗುತ್ತಾನೆ. ಅಮೆರಿಕದ ಕನ್ನಡ ಕೂಟಗಳ ತಂದೆತಾಯಿ ವಾರಾಂತ್ಯಕ್ಕೆ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಮಗ ತಮ್ಮಂತೆ ಆಗಲಿಲ್ಲವಲ್ಲ ಎಂಬ ಅವರ ಕೊರಗು ಸುಳ್ಳಲ್ಲ. ಆದರೆ ನಮ್ಮ ಪತ್ರಿಕೆಗಳಲ್ಲಿ, ಕಥೆಗಳಲ್ಲಿ ಆ ಕೊರಗಿಗೆ ಸಿಕ್ಕ ಜಾಗ ತಾಂಡಾದ ತಾಯಿಯ ಭಯಕ್ಕೆ ಸಿಕ್ಕಿಲ್ಲ.

ಸಾಲಿಯ ಅವಮಾನ ಕನ್ನಡದಲ್ಲಿ ಬಂದಿಲ್ಲವೆಂದಲ್ಲ. ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇವೆ. ಆದರೆ ಆತ್ಮಕಥೆಯಲ್ಲಿ ಕಣ್ಣು ಓದಿದ ಮಗನದು. ಕಳಿಸಿದ ತಾಯಿ ಒಳಗೊಳಗೆ ಏನು ಲೆಕ್ಕ ಹಾಕಿದಳು ಎಂಬುದು ಅಲ್ಲಿಗೆ ಎಟುಕುವುದಿಲ್ಲ. ಕಾದಂಬರಿಗೆ ಆ ಸ್ವಾತಂತ್ರ್ಯವಿದೆ. ಲೀ ಅದನ್ನು ಬಳಸಿಕೊಂಡಿದ್ದಾರೆ: ಆ ಫೀಸಿನ ಹಣ ಸುಂಜಾಗೆ ಬೇಡವಾಗಿತ್ತು, ಮಗನ ಓದಿಗಾಗಿ ಸುಮ್ಮನಾದಳು. ಮುಂದೆ ಮೊಜಾಸು ತನ್ನ ಮಗನನ್ನು ದುಬಾರಿ ಅಂತರರಾಷ್ಟ್ರೀಯ ಶಾಲೆಗೆ ಹಾಕುತ್ತಾನೆ. ಕೊಲಂಬಿಯಾದಲ್ಲಿ ಓದಿ ಬಂದ ಆ ಹುಡುಗ ಕೊನೆಗೆ ಸೇರುವುದು ಅಪ್ಪನ ಜೂಜಿನಂಗಡಿಯನ್ನೇ.

ಕಡೆಯ ಪುಟಗಳಲ್ಲಿ ಸುಂಜಾ ಗಂಡನ ಗೋರಿಗೆ ಹೋಗುತ್ತಾಳೆ. ನೋವಾ ಸತ್ತು ಬಹಳ ವರ್ಷವಾಗಿದೆ. ಅವನು ಇಲ್ಲಿಗೆ ಬರುತ್ತಿದ್ದ, ನನಗೆ ಓದೆಂದು ಡಿಕನ್ಸ್ ಪುಸ್ತಕ ತಂದುಕೊಟ್ಟಿದ್ದ ಎಂದು ಸ್ಮಶಾನ ಕಾಯುವವನು ಹೇಳುತ್ತಾನೆ. ಒಂದಕ್ಷರ ಓದಲಾರದ ತಾಯಿ ಅದನ್ನು ಕೇಳಿಸಿಕೊಳ್ಳುತ್ತಾಳೆ.