ಕ್ರಿಯಾ ಸಂಶೋಧನೆ: ಅಧ್ಯಾಪಕರ ಆತ್ಮವಿಮರ್ಶೆಯ ನೆಲೆಗಳು

ಬೋಧನೆಯನ್ನು ಅಳೆಯುವ ಅಧಿಕಾರ ಬಹುಕಾಲ ತರಗತಿಯ ಹೊರಗಿನವರ ಕೈಯಲ್ಲಿಯೇ ಇತ್ತು. ತಪಾಸಣಾಧಿಕಾರಿಯ ವರದಿ, ಪರೀಕ್ಷೆಯ ಫಲಿತಾಂಶ, ವಿಶ್ವವಿದ್ಯಾಲಯದ ಪ್ರಬಂಧ ಇವುಗಳ ನಡುವೆ ಪಾಠ ಮಾಡುವವರ ಮಾತಿಗೆ ಸಾಕ್ಷ್ಯದ ಬೆಲೆ ಇರಲಿಲ್ಲ. ಕ್ರಿಯಾ ಸಂಶೋಧನೆಯ ಮಹತ್ವವಿರುವುದು ಈ ಏರ್ಪಾಡನ್ನು ಅದು ಪ್ರಶ್ನಿಸಿದ್ದರಲ್ಲಿ.

ಸಮಾಜ ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಪ್ರತಿಪಾದಿಸಿದ ಈ ವಿಧಾನವನ್ನು ಅಮೆರಿಕದ ಸ್ಟೀಫನ್ ಕೋರಿ 1953ರ ತಮ್ಮ ಗ್ರಂಥದಲ್ಲಿ ಶಾಲೆಗಳಿಗೆ ಅನ್ವಯಿಸಿದರು. ಅಧ್ಯಾಪಕರೇ ಸಂಶೋಧಕರಾಗಬೇಕೆಂಬ ನಿಲುವನ್ನು 1975ರಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಸ್ಪಷ್ಟವಾಗಿ ಮಂಡಿಸಿದರು. ವ್ಯವಸ್ಥಿತ ವಿಚಾರಣೆಯು ಬಹಿರಂಗಗೊಂಡು ಪರರ ವಿಮರ್ಶೆಗೆ ಒಳಗಾದಾಗಲೇ ಸಂಶೋಧನೆಯೆನಿಸುತ್ತದೆ ಎಂಬುದು ಅವರ ಚಿಂತನೆಯ ತಿರುಳು. ಯೋಜನೆ, ಕ್ರಿಯೆ, ಅವಲೋಕನ, ಪರಾಮರ್ಶೆ ಎಂಬ ನಾಲ್ಕು ಹಂತಗಳು ಸುರುಳಿಯಾಗಿ ಮುಂದುವರಿಯಬೇಕೆಂದು 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕೆಮ್ಮಿಸ್ ಮತ್ತು ಮ್ಯಾಕ್‌ಟ್ಯಾಗರ್ಟ್ ವಿವರಿಸಿದರು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಸ್ಥಾಪಿತವಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಕಾರ್ಯಕ್ಷೇತ್ರದಲ್ಲಿ ಈ ವಿಧಾನಕ್ಕೂ ಸ್ಥಾನ ದೊರೆಯಿತು. ಆದರೆ ನಮ್ಮಲ್ಲಿ ಅದು ಬಹುಮಟ್ಟಿಗೆ ಒಂದು ನಮೂನೆಯಾಗಿ ಉಳಿಯಿತು. ಸಮಸ್ಯೆ, ಸಂಭಾವ್ಯ ಕಾರಣ, ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಉತ್ತರ ಪರೀಕ್ಷೆ, ಕೊನೆಗೆ ಸುಧಾರಣೆಯ ಘೋಷಣೆ. ಸುರುಳಿ ಮೊದಲ ಸುತ್ತಿಗೇ ನಿಲ್ಲುತ್ತದೆ.

ಅಲ್ಪಪ್ರಾಣ-ಮಹಾಪ್ರಾಣಗಳ ದೋಷವನ್ನು ಉದಾಹರಣೆಯಾಗಿ ನೋಡಬಹುದು. ಇಂತಹ ಅಧ್ಯಯನದಲ್ಲಿ ದೋಷವು ಮಗುವಿನದೆಂದು ಮೊದಲೇ ನಿರ್ಧಾರವಾಗಿರುತ್ತದೆ. ಮನೆಯ ಆಡುನುಡಿಯಲ್ಲಿ ಮಹಾಪ್ರಾಣವಿಲ್ಲದ, 'ಹಾಲು' ಎಂಬುದನ್ನು 'ಆಲು' ಎಂದೇ ಕೇಳಿ ಬೆಳೆದ ಮಗು ತನ್ನ ಕಿವಿಗೆ ನಿಷ್ಠವಾಗಿಯೇ ಬರೆದಿರುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಮಗು ಏಕೆ ತಪ್ಪುತ್ತದೆ ಎಂಬುದಷ್ಟೇ ಅಲ್ಲ. ನುಡಿಗೂ ಬರಹಕ್ಕೂ ಇರುವ ಅಂತರವನ್ನು ನಾನು ಹೇಗೆ ಕಲಿಸುತ್ತಿದ್ದೇನೆ ಎಂಬುದು. ಈ 'ನಾನು' ಕಣ್ಮರೆಯಾದ ವರದಿಯಲ್ಲಿ ಕ್ರಿಯೆ ಇರಬಹುದು, ಆತ್ಮವಿಮರ್ಶೆ ಇರುವುದಿಲ್ಲ.

ಒಂದು ತರಗತಿಯ ಫಲಿತವನ್ನು ಸಾಮಾನ್ಯೀಕರಿಸಲಾಗದು ಎಂಬ ಆಕ್ಷೇಪ ಹಳೆಯದು, ಒಪ್ಪತಕ್ಕದ್ದೂ ಹೌದು. ಆದರೆ ಸಹೋದ್ಯೋಗಿಗಳು ತಮ್ಮ ತರಗತಿಗೆ ಒಯ್ಯುವುದು ಫಲಿತವನ್ನಲ್ಲ, ಪ್ರಶ್ನೆಯನ್ನು. ಅದಕ್ಕಾಗಿ ವಿಫಲವಾದ ಪ್ರಯತ್ನವೂ ವರದಿಯಾಗಬೇಕು. ಸಮೂಹ ಮಟ್ಟದ ಸಮಾಲೋಚನಾ ಸಭೆಗಳಂತಹ ವೇದಿಕೆಗಳಲ್ಲಿ ಅದನ್ನು ಓದಿದವರಿಗೆ ಅಪಮಾನವಾಗದ ವಾತಾವರಣವಿರಬೇಕು. ಸೋಲನ್ನು ಹೇಳಿಕೊಳ್ಳಲು ಅಂಜುವ ಕಡೆ ಹಂಚಿಕೆಯೆಂಬುದು ಪ್ರದರ್ಶನವಾಗುತ್ತದೆ. ಅಳೆಯುವ ಅಧಿಕಾರ ಮತ್ತೆ ತರಗತಿಯ ಹೊರಗಿನವರಿಗೇ ಸೇರುತ್ತದೆ.